ಅವ್ವನ ಗೊರಕೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಹಟ ಹಿಡಿದು ಮಾಡಿಸಿದ ನಿದ್ರಾ ಪರೀಕ್ಷೆಯ ವರದಿ ನಿನ್ನೆ ಕೈಸೇರಿತು. ಗಂಟೆಗೆ ಸರಾಸರಿ 34 ಬಾರಿ ನನ್ನ ಉಸಿರು ನಿಂತಿದೆ ಇಲ್ಲವೇ ಕುಗ್ಗಿದೆ. ಸ್ಲೀಪ್ ಆಪ್ನಿಯಾ ಎಂಬ ಈ ಕಾಯಿಲೆ 30 ದಾಟಿದರೆ ತೀವ್ರವೆಂದೇ ಲೆಕ್ಕ. ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಶೇ 78ಕ್ಕೆ ಇಳಿದದ್ದೂ ಉಂಟು. ದೀಪಾವಳಿಗೆ ಬಂದಿದ್ದಾಗ ನೀನು ಮೊಬೈಲಿನಲ್ಲಿ ನನ್ನ ಗೊರಕೆಯನ್ನು ಹಿಡಿದು ಕೇಳಿಸಿದ ಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ತಪ್ಪು ನನ್ನದು.

ಆ ಸದ್ದು ನನಗೆ ನನ್ನದೆನಿಸಲಿಲ್ಲ, ಅವ್ವನದೆನಿಸಿತು. ಹತ್ತು ವರ್ಷದವನಿದ್ದಾಗ ಪಡಸಾಲೆಯಲ್ಲಿ ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಗೊರಕೆ ಏರುತ್ತ ಏರುತ್ತ ಹೋಗಿ ಥಟ್ಟನೆ ನಿಲ್ಲುತ್ತಿತ್ತು. ನಾನು ಕತ್ತಲಲ್ಲಿ ಒಂದು, ಎರಡು ಎಂದು ಎಣಿಸುತ್ತಿದ್ದೆ. ಇಪ್ಪತ್ತರ ಹತ್ತಿರ ಬಂದಾಗ ಅವಳು ಕೆರೆಯಲ್ಲಿ ಮುಳುಗೆದ್ದವಳಂತೆ ಉಸಿರೆಳೆದು ಮಗ್ಗುಲು ಬದಲಿಸುತ್ತಿದ್ದಳು. ಬೆಳಿಗ್ಗೆ ಎಲ್ಲರೂ “ಪುಣ್ಯವಂತೆ, ಎಂಥ ನಿದ್ದೆ” ಎನ್ನುತ್ತಿದ್ದರು. ಮಧ್ಯಾಹ್ನ ಅಕ್ಕಿ ಆರಿಸುತ್ತ, ಮೊರ ಮಡಿಲಲ್ಲಿರುವಾಗಲೇ ಅವಳು ತೂಕಡಿಸುತ್ತಿದ್ದುದೇಕೆಂದು ಯಾರೂ ಕೇಳಲಿಲ್ಲ. ಎಪ್ಪತ್ತರ ನಂತರ ಮರೆವು ಬಂತು; ಅರಳುಮರಳು ಎಂದು ಸುಮ್ಮನಾದೆವು. ಕೊನೆಯ ವರ್ಷದ ಒಂದು ಸಂಜೆ, ಜೀವಮಾನವಿಡೀ ನನ್ನನ್ನು “ಏನೋ” ಎಂದೇ ಕರೆದವಳು, “ನೀವು ಊಟ ಮಾಡಿಕೊಂಡೇ ಹೋಗಿ” ಎಂದಳು. ಇಪ್ಪತ್ತೆರಡು ವರ್ಷ ಕಳೆದರೂ ಆ “ನೀವು” ನನ್ನ ಕಿವಿ ಬಿಟ್ಟಿಲ್ಲ. ನಿನ್ನನ್ನು ನಾನು ಎಂದಾದರೂ ಬಹುವಚನದಲ್ಲಿ ಮಾತನಾಡಿಸಿಬಿಡುತ್ತೇನೆಯೇ ಎಂಬ ಭಯವೇ ಅಂದು ಸಿಟ್ಟಾಗಿ ಹೊರಬಂತು.

ಅವ್ವನ ಮರೆವಿಗೆ ಗೊರಕೆಯೇ ಕಾರಣವೆಂದು ಹೇಳಲು ಬರುವುದಿಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರಂಭದಲ್ಲಿ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇಲ್ಲದ 298 ವೃದ್ಧೆಯರನ್ನು ಸುಮಾರು ಐದು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ಗಂಟೆಗೆ 15 ಅಥವಾ ಹೆಚ್ಚು ಬಾರಿ ಉಸಿರು ಕೈಕೊಡುತ್ತಿದ್ದವರಲ್ಲಿ ಶೇ 44.8 ಮಂದಿಗೆ, ಉಳಿದವರಲ್ಲಿ ಶೇ 31.1 ಮಂದಿಗೆ ಡಿಮೆನ್ಶಿಯಾ ಅಥವಾ ಅದಕ್ಕೂ ಮುಂಚಿನ ಸೌಮ್ಯ ಮರೆವು ಕಂಡಿತ್ತು. ನಿದ್ದೆ ಮುರಿಯುವುದಕ್ಕಲ್ಲ, ಆಮ್ಲಜನಕದ ಕೊರತೆಗೇ ಅದರ ನಂಟು ಕಂಡದ್ದು. ನಂಟು ಎಂದರೆ ಕಾರಣವಲ್ಲ ಎಂದು ನೀನೇ ಹೇಳಿಕೊಟ್ಟಿದ್ದೀಯೆ. ಆದರೂ 78 ಎಂಬ ಅಂಕಿಯ ಮೇಲೆ ಕಣ್ಣು ಹೋಗಿ ಹೋಗಿ ನಿಲ್ಲುತ್ತದೆ.

ಸಿಪ್ಯಾಪ್ ಯಂತ್ರ ತರಿಸಿದ್ದೇನೆ. ಗಾಳಿಯ ಒತ್ತಡದಿಂದ ಗಂಟಲಿನ ದಾರಿ ಕುಸಿಯದಂತೆ ತಡೆಯುವ ಈ ಉಪಾಯವನ್ನು ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲೇ ಸಿಡ್ನಿಯಿಂದ ಪ್ರಕಟಿಸಿದ್ದರಂತೆ. ಆಗಿನ್ನೂ ಅವ್ವ ಗಟ್ಟಿಮುಟ್ಟಾಗಿದ್ದಳು. ಇದು ಮರೆವನ್ನು ತಡೆದೇ ತೀರುತ್ತದೆ ಎನ್ನುವಷ್ಟು ಪುರಾವೆ ಇಲ್ಲ, ಹಗಲಿನ ತೂಕಡಿಕೆಯಂತೂ ತಗ್ಗುತ್ತದೆ.

ಉಪದೇಶ ಬೇಡವೆಂದುಕೊಂಡೇ ಕುಳಿತವನು ನಾನು. ಆದರೆ ಹಿಂದಕ್ಕೆ ಸರಿದ ಆ ಸಣ್ಣ ದವಡೆ ಅವ್ವನಿಂದ ನನಗೆ, ನನ್ನಿಂದ ನಿನಗೆ ಬಂದಿದೆ, ಅಂಥವರ ಗಂಟಲಿನ ದಾರಿ ಕಿರಿದಾಗಿರುತ್ತದೆ. ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಮುಂದೆ ಕೂರಬೇಡ, ಬೆಳಿಗ್ಗೆ ತಲೆನೋವೆಂದು ಮಾತ್ರೆ ನುಂಗಬೇಡ, ನೀನೂ ಒಮ್ಮೆ ಪರೀಕ್ಷೆ ಮಾಡಿಸಿಕೋ. ನಮ್ಮ ಮನೆಯವರೆಲ್ಲ ಕೇಳಿ ನಕ್ಕ ಸದ್ದನ್ನು ಕಾಯಿಲೆಯೆಂದು ಗುರುತಿಸಿದವಳು ನೀನೊಬ್ಬಳೇ.

ಅಂದು ಆ ಧ್ವನಿಮುದ್ರಣವನ್ನು ಅಳಿಸಿಹಾಕು ಎಂದು ಕೂಗಾಡಿದ್ದೆ. ಅಳಿಸಿರದಿದ್ದರೆ ಕಳುಹಿಸು, ಎಷ್ಟರವರೆಗೆ ಹೋಗುತ್ತದೆ ಎಂದು ನಾನೇ ಎಣಿಸಬೇಕು.

ಇಂತಿ ನಿನ್ನ ಅಪ್ಪ