ರಾತ್ರಿ ಎದ್ದು ಲೈಟ್ ಹಾಕಬೇಡ ತಮ್ಮಾ

ತಮ್ಮಾ,

ನಿನ್ನ ಉದ್ದ ಮೆಸೇಜ್ ಬಂತು, ಕಣ್ಣಿನ ರಿಪೋರ್ಟಿನ ಫೋಟೋ ಕೂಡ ನೋಡಿದೆ. ನಮ್ಮ ಮನೆತನದ ಸಕ್ಕರೆ ಕಾಯಿಲೆ ಕಥೆ ನಿನಗೂ ಗೊತ್ತು, ನನಗೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ರಿಪೋರ್ಟ್ ನೋಡಿ ನನಗೆ ಅಷ್ಟೇನೂ ಗಾಬರಿ ಆಗಲಿಲ್ಲ. ಗಾಬರಿ ಆಗಿದ್ದು ಕೊನೆಗೆ ನೀನು ಸುಮ್ನೆ ಬರೆದಂತೆ ಬರೆದ ಆ ಒಂದು ಸಾಲಿಗೆ. ರಾತ್ರಿ ಎಚ್ಚರಾದರೆ ಬಚ್ಚಲಿಗೆ ಹೋಗಿ ಲೈಟ್ ಹಾಕುತ್ತೀಯಂತೆ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಸೋಪಿನ ಪಾಕೀಟಿನ ಮೇಲಿನ ಸಣ್ಣ ಅಕ್ಷರ ಓದುತ್ತೀಯಂತೆ, ಓದಲಿಕ್ಕೆ ಬಂದರೆ ಹೋಗಿ ಮಲಗುತ್ತೀಯಂತೆ. ಇದು ಎಷ್ಟು ದಿನದಿಂದ ನಡೆದಿದೆ? ಹೆಂಡತಿಗೆ ಗೊತ್ತಾ? ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ಅವಳು ನನಗೆ ಫೋನ್ ಮಾಡದೆ ಇರುತ್ತಿರಲಿಲ್ಲ.

ರಿಪೋರ್ಟಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಬಲಗಣ್ಣು ಮೈಲ್ಡ್ ಎನ್‌ಪಿಡಿಆರ್, ಅಂದರೆ ಸಕ್ಕರೆಯಿಂದ ಕಣ್ಣಿನ ಪರದೆ ಕೆಡುವ ಕಾಯಿಲೆಯ ಮೊದಮೊದಲಿನ ಹಂತ, ಎಡಗಣ್ಣು ಮಾಡರೇಟ್, ಅದಕ್ಕಿಂತ ಸ್ವಲ್ಪ ಜಾಸ್ತಿ, ನಡುಭಾಗದಲ್ಲಿ ಬಾವು ಇಲ್ಲ, ಆರು ತಿಂಗಳಿಗೆ ಮತ್ತೆ ಬರಬೇಕು. ಅಷ್ಟೇ ಅಲ್ವಾ? ಕಣ್ಣಿನ ಹಿಂದಿನ ಪರದೆಯಲ್ಲಿ, ಅದೇ ರೆಟಿನಾದಲ್ಲಿ, ಕೂದಲಿಗಿಂತ ಸಣ್ಣ ರಕ್ತನಾಳ ಇರುತ್ತವೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಅವುಗಳ ಗೋಡೆ ಸೋಲುತ್ತದೆ, ಅಲ್ಲಲ್ಲಿ ಗುಳ್ಳೆ ಏಳುತ್ತದೆ, ಚೂರು ರಕ್ತ ಜಿನುಗುತ್ತದೆ. ನಿನ್ನ ಫೋಟೋದಲ್ಲಿ ಕಂಡ ಕೆಂಪು ಚುಕ್ಕೆಗಳು ಅವೇ. ಈ ಹಂತಕ್ಕೆ ಸಾಮಾನ್ಯವಾಗಿ ಲೇಸರ್ ಬೇಕಿಲ್ಲ, ಇಂಜೆಕ್ಷನ್ ಬೇಕಿಲ್ಲ. ಜಾಸ್ತಿ ಕೆಡುವುದು ಮುಂದೆ, ನಾಳಗಳು ಮುಚ್ಚಿಹೋಗಿ ರಕ್ತ ಸಾಲದಾದಾಗ ಪರದೆಯ ಮೇಲೆ ಹೊಸ ನಾಳ ಬೆಳೆಯುತ್ತವೆ, ಅವು ಭಾಳ ನಾಜೂಕು, ಒಡೆದರೆ ಕಣ್ಣೊಳಗೆ ರಕ್ತ ತುಂಬುತ್ತದೆ. ನಿನಗೆ ಅದು ಶುರುವಾಗಿಲ್ಲ. ನೀನು ಬರೆದದ್ದು ಓದಿದರೆ ಮಾತ್ರ ನಾಳೆ ಬೆಳಿಗ್ಗೆಗೆ ಎರಡೂ ಕಣ್ಣು ಹೋಗುತ್ತವೆ ಅನ್ನಬೇಕು.

ಆ ಸೋಪಿನ ಪಾಕೀಟಿಗೇ ಮತ್ತೆ ಬರುತ್ತೇನೆ, ತಪ್ಪು ತಿಳಿಯಬೇಡ. ಚುಕ್ಕೆ ಇದ್ದರೂ ಈ ಹಂತದಲ್ಲಿ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಈ ಕಾಯಿಲೆ ಜನರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ, ಸಕ್ಕರೆ ಜೋರಾಗಿ ಏರಿಳಿದರೆ ಕಣ್ಣಿನ ಮಸೂರ ಉಬ್ಬಿ ಇಳಿದು ಮಾಡುತ್ತದೆ, ಒಂದು ದಿನ ಮಂಜು, ಇನ್ನೊಂದು ದಿನ ಸ್ಪಷ್ಟ. ಅದಕ್ಕೂ ಪರದೆಯ ಚುಕ್ಕೆಗೂ ಸಂಬಂಧ ಇಲ್ಲ. ಅಂದಮೇಲೆ ಅಕ್ಷರ ಓದಲಿಕ್ಕೆ ಬಂತು ಅಂತ ನೀನು ಸಮಾಧಾನ ಪಡುವುದೂ ಸುಳ್ಳು, ಒಂದು ರಾತ್ರಿ ಮಸುಕಾಯಿತು ಅಂತ ಎದೆ ಒಡೆದುಕೊಳ್ಳುವುದೂ ಸುಳ್ಳು. ಉತ್ತರ ಇರುವುದು ಹನಿ ಹಾಕಿ ಒಳಗೆ ನೋಡುವ ಡಾಕ್ಟರ ಹತ್ತಿರ. ಹನಿ ಅಂದದ್ದಕ್ಕೆ ನೆನಪಾಯಿತು. ಹನಿ ಹಾಕಿಸಿಕೊಂಡು ಅದೇ ಮಧ್ಯಾಹ್ನ ಬೈಕ್ ಹೊಡೆದುಕೊಂಡು ಬೆಳಗಾವಿಯ ಉದ್ಯಮಬಾಗಕ್ಕೆ ಶಿಫ್ಟಿಗೆ ಹೋದೆ ಅಂತ ಬರೆದಿದ್ದೀ. ಬುದ್ಧಿ ಇದೆಯಾ ನಿನಗೆ? ಪಾಪೆ ಹಿಗ್ಗಿರುತ್ತದೆ, ತಾಸುಗಟ್ಟಲೆ ಹತ್ತಿರದ್ದು ಕಾಣುವುದಿಲ್ಲ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಕಣ್ಣು ಹೋಗುತ್ತದೆ ಅಂತ ಹೆದರುವವನು ಲಾರಿ ಕೆಳಗೆ ಹೋಗಲಿಕ್ಕೆ ಹೆದರಲಿಲ್ಲ.

ನಿನ್ನ ಈ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅಜ್ಜಿ ಕಟ್ಟೆಯ ಮೇಲೆ ಕೂತು, ಬಂದವರ ಚಪ್ಪಲಿ ಸಪ್ಪಳದಿಂದ ಯಾರು ಅಂತ ಹೇಳುತ್ತಿದ್ದಳಲ್ಲ, ನಿಮಗೆಲ್ಲ ಅದು ಆಟ. ಅವಳ ಕಣ್ಣು ಒಂದು ರಾತ್ರಿಯಲ್ಲಿ ಹೋಯಿತು ಅಂತ ನೀನು ತಿಳಿದಿದ್ದೀ. ಹಾಗಲ್ಲ. ಆಗ ನಮ್ಮ ಕಡೆ ಕಣ್ಣು ಅಂದರೆ ಒಂದೇ ಕಾಯಿಲೆ, ಪೊರೆ. ಡಾಕ್ಟರು ಅಂದರೂ ಒಬ್ಬರೇ, ನಮ್ಮ ಬೀಳಗಿಯಲ್ಲಿ ಹುಟ್ಟಿದ ಎಂ.ಸಿ. ಮೋದಿಯವರು. 2005ರಲ್ಲಿ ತೀರಿಕೊಂಡರು, ನಿನ್ನ ವಯಸ್ಸಿನವರಿಗೆ ಹೆಸರೂ ಗೊತ್ತಿಲ್ಲ. ಊರೂರಿಗೆ ಕ್ಯಾಂಪ್ ಹಾಕಿ, ಸಾಲಾಗಿ ಟೇಬಲ್ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಪೊರೆ ತೆಗೆಯುತ್ತಿದ್ದರು. ಒಂದೇ ದಿನ 833 ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆಗೆ ಸೇರಿತ್ತು. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಅನ್ನುತ್ತಿದ್ದರು. ಹೊಲದ ಬದು ಕಾಣದೆ ಎಡವುತ್ತಿದ್ದವರು ಪಟ್ಟಿ ಬಿಚ್ಚಿದ ಮೇಲೆ ನಡೆದುಕೊಂಡು ಮನೆಗೆ ಬಂದದ್ದನ್ನು ನೋಡಿದವರು ನಾವು. ಅದಕ್ಕೇ ನಮ್ಮ ಅವ್ವನಿಗೆ, ಅದೇ ನಿನ್ನ ಅಜ್ಜಿಗೆ, ಮಸುಕಾದಾಗ ಯಾರೂ ಚಿಂತೆ ಮಾಡಲಿಲ್ಲ. ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ ಅಂತ ಎಲ್ಲರೂ. ವರ್ಷಗಳು ಹೋದವು. ಮುಂದೆ ಒಂದು ಆಸ್ಪತ್ರೆಯಲ್ಲಿ ಪೊರೆ ತೆಗೆದರು, ಆಪರೇಷನ್ ಸರಿಯಾಗಿಯೇ ಆಯಿತು, ಕಣ್ಣು ಮಾತ್ರ ಬರಲಿಲ್ಲ. ಇವರಿಗೆ ಸಕ್ಕರೆ ಎಷ್ಟು ವರ್ಷದಿಂದ ಇದೆ ಅಂತ ಡಾಕ್ಟರು ಕೇಳಿದರು. ಸಕ್ಕರೆ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಅವ್ವನಿಗೆ ನಾವು ಏನು ಹೇಳಿದೆವು ಗೊತ್ತಾ? ಪೊರೆ ಮತ್ತೆ ಬಂದಿದೆ, ಬೇಸಗೆ ಕಳೆದ ಮೇಲೆ ತೆಗೆಸೋಣ ಅಂತ. ಪ್ರತಿ ವರ್ಷ ಬೇಸಗೆ ಮುಗಿದ ಮೇಲೆ ಅವಳು ಕೇಳುತ್ತಿದ್ದಳು. ಅದೊಂದು ನನ್ನ ಹೊಟ್ಟೆಯಲ್ಲಿ ಹಾಗೇ ಉಳಿದಿದೆ, ಇರಲಿ. ನಾನು ಹೇಳಬೇಕಾದದ್ದು ಬೇರೆ. ಅವಳ ಕಣ್ಣು ಹೋಗಲಿಕ್ಕೆ ಎಷ್ಟೋ ವರ್ಷ ಹಿಡಿಯಿತು ತಮ್ಮಾ, ಆ ವರ್ಷಗಳಲ್ಲಿ ಏನಾದರೂ ಮಾಡಲಿಕ್ಕೆ ಆಗುತ್ತಿತ್ತು, ಯಾರೂ ಒಳಗೆ ನೋಡಲಿಲ್ಲ ಅಷ್ಟೇ. ನಿನ್ನದನ್ನು ನೋಡಿದ್ದಾರೆ. ನೀನು ಅಜ್ಜಿಯ ಜಾಗದಲ್ಲಿ ಇಲ್ಲ.

ನನ್ನದನ್ನೂ ಹೇಳಿಬಿಡುತ್ತೇನೆ, ನಿನಗೆ ಅರ್ಧ ಮಾತ್ರ ಗೊತ್ತು. ನಾನು ಕೊಂಡಿ ಹಾಕುತ್ತಿದ್ದೆ ಅಲ್ವಾ, ಸೀರೆಯ ಒಡಲಿನ ಹಾಸಿಗೂ, ಅಂದರೆ ಮಗ್ಗದ ಉದ್ದ ಎಳೆಗಳಿಗೂ, ಸೆರಗಿನ ಕೆಂಪು ರೇಷ್ಮೆ ಹಾಸಿಗೂ ಒಂದೊಂದೇ ಎಳೆ ಹಿಡಿದು ಕೂಡಿಸುವುದು. ಒಂದು ದಿನ ಎಳೆಗಳು ನಡುವೆ ಓರೆಯಾಗಿ ಕಂಡವು. ಹಾಸು ಸಡಿಲಾಗಿದೆ ಅಂತ ಬಿಗಿದೆ, ಮತ್ತೂ ಓರೆ. ಸಹಾಯಕ್ಕೆ ಬರುತ್ತಿದ್ದ ಹುಡುಗಿಯನ್ನು ಬೈದೆ. ಅವಳು ಬೆರಳಿಟ್ಟು ತೋರಿಸಿದಳು, ಸೀದಾ ಇದೆ ನೋಡ್ರಿ ಅಂತ. ಆಮೇಲೆ ಬಲಗಣ್ಣು ಮುಚ್ಚಿ ನೋಡಿದೆ, ಎಳೆ ಓರೆ. ಎಡಗಣ್ಣು ಮುಚ್ಚಿದೆ, ಸೀದಾ. ಕಣ್ಣೊಳಗಿನ ಪರದೆಯ ನಡುಭಾಗದಲ್ಲಿ ನೀರು ಜಿನುಗಿ, ನೆನೆದ ಬಟ್ಟೆ ಉಬ್ಬಿ ಎಳೆ ಸೊಟ್ಟಾಗುವ ಹಾಗೆ ಆಗಿತ್ತು. ಅಲ್ಲಿಯತನಕ ಮಾತ್ರೆ ಬರೆದುಕೊಟ್ಟವರು ಯಾರೂ ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸು ಅಂತ ನನಗೆ ಹೇಳಿರಲಿಲ್ಲ. ನಿನಗೆ ಹೇಳಿದ್ದಾರೆ, ಅದೇ ಪುಣ್ಯ.

ಆ ನೀರು ಇಳಿಸಲಿಕ್ಕೆ ಕಣ್ಣಿಗೆ ಸೂಜಿ ಅಂದಾಗ ನನಗೂ ಕೈಕಾಲು ತಣ್ಣಗಾಗಿದ್ದವು. ನೀನು ಅದನ್ನು ಬರೆದಿಲ್ಲ, ಆದರೆ ಯೂಟ್ಯೂಬಿನಲ್ಲಿ ನೋಡಿರುತ್ತೀ, ನಿನ್ನ ಗುಣ ನನಗೆ ಗೊತ್ತು. ಮೊದಲು ಮರಗಟ್ಟಿಸುವ ಹನಿ ಹಾಕುತ್ತಾರೆ, ಆಮೇಲೆ ಕಂದು ಬಣ್ಣದ ಔಷಧಿಯಲ್ಲಿ ತೊಳೆಯುತ್ತಾರೆ, ರೆಪ್ಪೆ ಮುಚ್ಚದ ಹಾಗೆ ಒಂದು ತಂತಿ ಕೊಕ್ಕೆ. ಮೇಲೆ ನೋಡಿ ಅನ್ನುತ್ತಾರೆ, ಒಂದು ಒತ್ತಿದಂತೆ, ಮುಗಿಯಿತು. ಸೂಜಿಗಿಂತ ತೊಳೆಯುವ ಔಷಧಿಯೇ ಆಮೇಲೆ ಉರಿಯುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಹೋಗಬೇಕು, ಅದು ಬೇಜಾರು. ಎಳೆಗಳು ಹೆಚ್ಚುಕಡಿಮೆ ಸೀದಾ ಆದವು. ಕೊಂಡಿ ಕೆಲಸ ಮಾತ್ರ ಬಿಟ್ಟೆ, ಮೊದಲಿನಷ್ಟು ಬೇಗ ಕೈ ಓಡುವುದಿಲ್ಲ. ಬೇರೆಯವರು ಹಾಕಿದ ಕೊಂಡಿ ನೋಡಿ ಈಗಲೂ ತಪ್ಪು ಹುಡುಕುತ್ತೇನೆ, ಸೊಸೆ ನಗುತ್ತಾಳೆ. ಇದನ್ನೆಲ್ಲ ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಮುಂದಿನ ಹಂತ ಬಂದರೂ ಅಲ್ಲಿಯೂ ಮಾಡುವುದು ಏನೋ ಇದೆ ಅಂತ ನಿನಗೆ ತಿಳಿಯಲಿ ಅಂತ. ಈ ಮೆಸೇಜನ್ನು ನಾನೇ ಟೈಪ್ ಮಾಡುತ್ತಿದ್ದೇನೆ, ಅಕ್ಷರ ದೊಡ್ಡದು ಮಾಡಿಕೊಂಡು.

ಮತ್ತೆ ನಿನ್ನ ರಾತ್ರಿಗೆ ಬಂದೆ ನೋಡು. ನೀನು ಯಾಕೆ ಎಚ್ಚರಾಗುತ್ತೀ? ಹೆದರಿಕೆಗೇ ಎಚ್ಚರ ಅಂತ ನೀನು ತಿಳಿದಿದ್ದೀ. ಎಚ್ಚರಾದಾಗ ಮೈ ಬೆವತಿರುತ್ತದಾ? ಕೈ ನಡುಗುತ್ತದಾ, ಎದೆ ಹೊಡೆದುಕೊಳ್ಳುತ್ತದಾ? ರಿಪೋರ್ಟ್ ಬಂದ ಮೇಲೆ ರಾತ್ರಿ ಊಟವನ್ನೇ ಬಿಟ್ಟಿದ್ದೀ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಇರುವ ಮಾತ್ರೆ ಮಾತ್ರ ಹಾಗೇ ನುಂಗುತ್ತಿದ್ದೀ. ಆ ಮಾತ್ರೆ ತಗೊಂಡು ಉಪವಾಸ ಮಲಗಿದರೆ ಸಕ್ಕರೆ ಕೆಳಗೆ ಬೀಳಬಹುದು. ಲೈಟ್ ಹಾಕುವುದೇ ಇದ್ದರೆ ಸೋಪಿನ ಪಾಕೀಟು ಓದಬೇಡ, ಬೆರಳು ಚುಚ್ಚಿ ಮಷೀನ್‌ನಲ್ಲಿ ಸಕ್ಕರೆ ನೋಡು. 70ಕ್ಕಿಂತ ಕೆಳಗಿದ್ದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ, ಕಾಲು ತಾಸು ಬಿಟ್ಟು ಮತ್ತೆ ನೋಡು, ಆಮೇಲೆ ಏನಾದರೂ ತಿನ್ನು. ಮರುದಿನ ಡಾಕ್ಟರಿಗೆ ಹೇಳು. ಸಕ್ಕರೆ ಭಾಳ ಮೇಲಿದ್ದರೂ ಮೂತ್ರಕ್ಕೆ ಎಚ್ಚರಾಗುತ್ತದೆ, ಅದೂ ಇರಬಹುದು. ಯಾವುದು ಅಂತ ಮಷೀನ್ ಹೇಳುತ್ತದೆ, ನಾನು ಇಲ್ಲಿ ಕೂತು ಹೇಳಲಿಕ್ಕೆ ಆಗುವುದಿಲ್ಲ.

ಇನ್ನೊಂದು ಮಾತು, ನನ್ನ ಕಣ್ಣಿನ ಡಾಕ್ಟರು ಹೇಳಿದ್ದು. ವರ್ಷಗಟ್ಟಲೆ ಮೇಲಿದ್ದ ಸಕ್ಕರೆಯನ್ನು ಒಮ್ಮೆಲೇ ಕೆಳಗೆ ಎಳೆದರೆ ಕೆಲವರಿಗೆ ಪರದೆ ಸ್ವಲ್ಪ ದಿನ ಇನ್ನೂ ಕೆಡುತ್ತದಂತೆ. ಸಕ್ಕರೆ ಇಳಿಸಬೇಡ ಅಂತ ಅರ್ಥ ಅಲ್ಲ, ಇಳಿಸಲೇಬೇಕು. ಹಟಕ್ಕೆ ಬಿದ್ದು ಮಾಡಬೇಡ, ಮಾತ್ರೆ ಬದಲಾದರೆ ಕಣ್ಣಿನವರಿಗೂ ಒಂದು ಮಾತು ಹೇಳು. ಮೂರು ತಿಂಗಳ ಸರಾಸರಿ ಅಂತ ಎಚ್‌ಬಿಎ1ಸಿ ಮಾಡುತ್ತಾರಲ್ಲ, ಅದು ಎಷ್ಟಿದೆ ಅಂತ ನೀನು ಬರೆಯಲೇ ಇಲ್ಲ. ಹೆಚ್ಚಿನವರಿಗೆ 7ರ ಆಸುಪಾಸು ಇರಲಿ ಅನ್ನುತ್ತಾರೆ.

ಬಿಪಿ ಬಗ್ಗೆಯೂ ಬರೆದಿಲ್ಲ. ಕಣ್ಣಿಗೂ ಬಿಪಿಗೂ ಏನು ಅಂತ ಕೇಳುತ್ತೀ. ನಿನಗೆ ಅಂಕಿ ಇಲ್ಲದೆ ನಂಬಿಕೆ ಬರುವುದಿಲ್ಲ, ಅದಕ್ಕೆ ಸೊಸೆಯ ಹತ್ತಿರ ಮೊಬೈಲಿನಲ್ಲಿ ಹುಡುಕಿಸಿದೆ. ಬ್ರಿಟನ್ನಿನಲ್ಲಿ ಯುಕೆಪಿಡಿಎಸ್ ಅಂತ ದೊಡ್ಡ ಅಧ್ಯಯನ, 1998ರಲ್ಲಿ ಹೊರಗೆ ಬಂತು. ನಮ್ಮಂಥ ಟೈಪ್ 2 ಸಕ್ಕರೆಯವರಲ್ಲಿ ಬಿಪಿಯನ್ನು ಬಿಗಿಯಾಗಿ ಇಟ್ಟುಕೊಂಡವರಿಗೆ ಪರದೆ ಕೆಡುವುದು ಮೂರರಲ್ಲಿ ಒಂದು ಪಾಲು ಕಡಿಮೆ ಆಯಿತಂತೆ. ಆ ತಂಬಾಕಿನ ಪುಡಿಯನ್ನೂ ಬಿಡು, ಅದರ ಬಗ್ಗೆ ಜಾಸ್ತಿ ಬರೆದರೆ ನೀನು ಮೆಸೇಜ್ ಅರ್ಧಕ್ಕೆ ಬಿಡುತ್ತೀ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ಒಮ್ಮೆ ನೋಡಿಸು, ಕಣ್ಣಿನ ಸಣ್ಣ ನಾಳ ಕೆಟ್ಟಲ್ಲಿ ಕಿಡ್ನಿಯದನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಊಟದ ಮಾತು ನಾನು ಯಾವ ಬಾಯಿಂದ ಹೇಳಲಿ, ಎಳ್ಳ ಅಮಾವಾಸ್ಯೆಗೆ ನಾನೇ ನಿನಗೆ ಹೋಳಿಗೆ ಬಡಿಸಿದವಳು. ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ಅದು ಖರೇ ಅಲ್ಲ. ರೊಟ್ಟಿ ಕಡಿಮೆ ಮಾಡು, ಪಲ್ಯ, ಕಾಳು, ಮೊಸರು ಜಾಸ್ತಿ ಮಾಡು. ಪೂರ್ತಿ ಬಿಡಬೇಡ. ನೈಟ್ ಶಿಫ್ಟ್ ಇದ್ದಾಗ ಮಾತ್ರೆ ಎಷ್ಟು ಹೊತ್ತಿಗೆ ಅಂತ ಡಾಕ್ಟರನ್ನೇ ಕೇಳು.

ಕಣ್ಣನ್ನು ನೋಡಿಕೊಳ್ಳದೆ ಇರಲಿಕ್ಕೆ ಆಗುವುದೇ ಇಲ್ಲ ಅನ್ನುವುದಾದರೆ ಹಗಲಿನಲ್ಲಿ, ವಾರಕ್ಕೊಮ್ಮೆ, ಕಿಟಕಿಯ ಸರಳು ನೋಡು. ಒಂದೊಂದೇ ಕಣ್ಣು ಮುಚ್ಚಿ. ಸರಳು ಸೊಟ್ಟ ಕಂಡರೆ ಆರು ತಿಂಗಳು ಕಾಯಬೇಡ, ಕೂಡಲೇ ಹೋಗಿ ತೋರಿಸು. ಒಮ್ಮೆಲೇ ಕಪ್ಪು ಚುಕ್ಕೆಗಳ ಮಳೆ ಬಂದರೆ, ಒಂದು ಬದಿಯಿಂದ ಪರದೆ ಎಳೆದಂತೆ ಕತ್ತಲಾದರೆ ಅದೇ ದಿನ, ಶಿಫ್ಟ್ ಗಿಫ್ಟ್ ಏನೂ ನೋಡಬೇಡ. ಉಳಿದ ದಿನ ಬಿಟ್ಟುಬಿಡು. ಬಿಡಲಿಕ್ಕೆ ಆಗುತ್ತದಾ ಅಂತ ಕೇಳಿದರೆ, ನನಗೂ ಪ್ರತಿ ಸಲ ಆಸ್ಪತ್ರೆ ಹತ್ತಿರ ಬಂದಾಗ ಹೊಟ್ಟೆ ಕಲಸುತ್ತದೆ. ಅದು ಹೋಗಿಲ್ಲ. ಹೊಟ್ಟೆ ಕಲಸಿದರೂ ಹೋಗಿ ಕೂರುತ್ತೇನೆ.

ಆರು ತಿಂಗಳ ಚೆಕಪ್ಪಿಗೆ ನಾನೂ ಬರುತ್ತೇನೆ. ಬಾಗಲಕೋಟೆ, ಲೋಕಾಪುರ, ಯರಗಟ್ಟಿ ಮೇಲೆ ಬಸ್ಸಿಗೆ ಬಂದರಾಯಿತು, ಶಕ್ತಿ ಯೋಜನೆ ಇದೆ, ನನಗೇನು ಟಿಕೆಟ್ ಖರ್ಚಿಲ್ಲ. ತಾರೀಖು ಮೊದಲೇ ಹೇಳು, ಶಿಫ್ಟ್ ಬದಲಾಯಿಸಿಕೋ. ಅದಕ್ಕೂ ಮೊದಲು ಹೆಂಡತಿಗೆ ಹೇಳು. ಇವತ್ತೇ ಹೇಳಿದರೆ ಚಲೋ. ರಾತ್ರಿ ಸಕ್ಕರೆ ಬಿದ್ದರೆ ನಿನ್ನ ಬಾಯಿಗೆ ಸಕ್ಕರೆ ನೀರು ಕೊಡುವವಳು ಅವಳೇ, ನಾನು ಇಳಕಲ್ಲಿನಿಂದ ಓಡಿ ಬರಲಿಕ್ಕೆ ಆಗುವುದಿಲ್ಲ. ನನಗೆ ಮೊದಲೇ ಗೊತ್ತಿತ್ತು ಅಂತ ಮಾತ್ರ ಹೇಳಬೇಡ, ನನ್ನ ಮೇಲೆ ಸಿಟ್ಟಾಗುತ್ತಾಳೆ.

ನಿನ್ನ ಅತ್ತಿ,
ಇಳಕಲ್