ಹೇಳುವವರಿಲ್ಲ, ಕೇಳುವವರಿಲ್ಲ

ರಾಜಾಜಿನಗರ, ಬೆಂಗಳೂರು

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಮೂರು ವಾರಗಳಾದವು. ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದಿತ್ತು. ನಾನು ಬರೆಯಹೊರಟಿರುವುದೇ ಅಂಥ ನೆಪಗಳ ಬಗ್ಗೆಯಾದ್ದರಿಂದ ಅದನ್ನು ಬಿಡುತ್ತೇನೆ. "ಅಮ್ಮ ಊರಿನಲ್ಲಿ ಆರಾಮಾಗಿದ್ದಾಳೆ, ಈಗ ಮೊದಲಿನ ಹಾಗೆ ಏನನ್ನೂ ಕೇಳುವುದಿಲ್ಲ" ಎಂದು ನೀನು ನೆಮ್ಮದಿಯಿಂದ ಬರೆದಿದ್ದೆಯಲ್ಲ, ಆ ಸಾಲು ನನ್ನನ್ನು ಕಾಡುತ್ತಿದೆ. ಯಾಕೆಂದು ವಿವರಿಸಬೇಕಾದರೆ ನಮ್ಮ ಕೆಳಮನೆಯ ಮೇಷ್ಟ್ರ ವಿಷಯ ಹೇಳಬೇಕು.

ನಿನಗೆ ಅವರ ನೆನಪಿರಬೇಕು. ಗಣಿತದ ಮೇಷ್ಟ್ರು, ಈಗ ಎಂಬತ್ತು ದಾಟಿದ್ದಾರೆ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಎರಡು ವರ್ಷದ ಹಿಂದೆ ನಮ್ಮ ಗೇಟಿನ ಮುಂದಿನ ಚರಂಡಿಯ ಚಪ್ಪಡಿ ಮುರಿದು ಬಿತ್ತು. ಅವರು ದುಂಡಗಿನ ಅಕ್ಷರದಲ್ಲಿ ಮೂರು ಅರ್ಜಿಗಳನ್ನು ಬರೆದು, ಪ್ರತಿಯೊಂದನ್ನೂ ತಾವೇ ಕಚೇರಿಗೆ ಒಯ್ದು ಕೊಟ್ಟು, ಮೊಹರು ಹಾಕಿಸಿಕೊಂಡ ಪ್ರತಿಗಳನ್ನು ಫೈಲಿನಲ್ಲಿ ಇಟ್ಟುಕೊಂಡಿದ್ದರು. ಮೆಟ್ಟಿಲಿನ ಹತ್ತಿರ ಸಿಕ್ಕಾಗಲೆಲ್ಲ "ಇನ್ನೂ ಯಾರೂ ಬಂದಿಲ್ಲ ನೋಡಯ್ಯಾ" ಎನ್ನುತ್ತಿದ್ದರು. ನಾನು "ಬರ್ತಾರೆ ಬಿಡಿ ಸಾರ್" ಎಂದು ಹೆಜ್ಜೆ ಹಾಕುತ್ತಿದ್ದೆ. ಕೆಲವೊಮ್ಮೆ ಅವರ ಬಾಗಿಲು ತೆರೆಯುವ ಸದ್ದು ಕೇಳಿದೊಡನೆ ಫೋನನ್ನು ಕಿವಿಗೆ ಒತ್ತಿಕೊಂಡು ದಾಟಿ ಹೋದದ್ದೂ ಉಂಟು.

ಕಳೆದ ದೀಪಾವಳಿಯ ಆಚೀಚೆ ಮೇಷ್ಟ್ರು ಚಪ್ಪಡಿಯ ಮಾತು ನಿಲ್ಲಿಸಿದರು. ಸಂಜೆಯ ತಿರುಗಾಟವೂ ನಿಂತಿತು. ರಾತ್ರಿಯ ಊಟ ಅವಲಕ್ಕಿ-ಮೊಸರಿಗೆ ಇಳಿಯಿತು. ಒಂದು ಕೇಳಿದರೆ ಇನ್ನೊಂದು ಉತ್ತರ ಬರತೊಡಗಿದಾಗ ಕಟ್ಟಡದವರೆಲ್ಲ ಸೇರಿ "ವಯಸ್ಸಾಯಿತು, ಪಾಪ, ಮರೆವು" ಎಂದು ತೀರ್ಪು ಕೊಟ್ಟೆವು. ನಿಜ ಹೇಳಬೇಕೆಂದರೆ ನನಗೆ ಅದರಿಂದ ಒಂದು ಬಗೆಯ ಹಗುರವೂ ಆಗಿತ್ತು. ಇಲ್ಲಿ ದುಷ್ಟರೆಂದು ಬೆರಳು ತೋರಿಸಲು ಯಾರೂ ಇಲ್ಲ. ವಿದೇಶದಲ್ಲಿರುವ ಮಗ ಭಾನುವಾರ ತಪ್ಪದೆ ಫೋನು ಮಾಡುತ್ತಾನೆ, ಹಣ ಕಳುಹಿಸುತ್ತಾನೆ, ದುಬಾರಿಯ ಕಿವಿಯ ಮಷೀನನ್ನೂ ಕೊಡಿಸಿದ್ದಾನೆ.

ಹೋದ ತಿಂಗಳು ಕರೆಂಟು ಬಿಲ್ಲು ಕೊಡಲು ಒಳಗೆ ಹೋದಾಗ ಆ ಮಷೀನು ಡಬ್ಬಿಯೊಳಗೇ ಮಲಗಿದ್ದನ್ನು ಕಂಡೆ. ಅದಕ್ಕೆ ಬೇಕಾದದ್ದು ಕಡಲೆಕಾಳಿಗಿಂತ ಚಿಕ್ಕದಾದ ಒಂದು ಸೆಲ್ಲು. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಅದರ ಹಿಂದಿನ ಸ್ಟಿಕ್ಕರ್ ಕಿತ್ತು, ಒಂದು ನಿಮಿಷ ಗಾಳಿಗೆ ಬಿಟ್ಟು ಕೂರಿಸಬೇಕು. ಮೇಷ್ಟ್ರ ನಡುಗುವ ಬೆರಳಿಗೆ ಅದು ಆಗುತ್ತಿರಲಿಲ್ಲ. ಯಾರನ್ನಾದರೂ ಕೇಳಬಾರದಿತ್ತೇ ಎಂದು ಅವರ ಕಿವಿಯ ಹತ್ತಿರ ಕೂಗಿದೆ. "ನಿಮಗೆಲ್ಲ ಸಾವಿರ ಕೆಲಸ ಇರುತ್ತೆ, ಇಷ್ಟಕ್ಕೆಲ್ಲ ಯಾಕೆ ತೊಂದರೆ ಅಂತ" ಎಂದರು. ತಿಂಗಳುಗಟ್ಟಲೆ ಅವರು ನಮ್ಮ ನಡುವೆಯೇ ಕಿವುಡರಾಗಿ ಕುಳಿತಿದ್ದರು. ನಾವು ಅದನ್ನು ಮರೆವು ಎಂದು ಕರೆದಿದ್ದೆವು. ಸರಿಪಡಿಸದೆ ಬಿಟ್ಟ ಕಿವುಡು ಮರೆವಿನ ರೋಗದ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2017ರಿಂದ ಹೇಳುತ್ತಲೇ ಬಂದಿದೆ. ಅಂದರೆ ನಮ್ಮ ತೀರ್ಪು ತನ್ನನ್ನು ತಾನೇ ನಿಜಮಾಡಿಕೊಳ್ಳುವ ಹಾದಿಯಲ್ಲಿತ್ತು.

ನಮ್ಮ ಭಾಷೆಯಲ್ಲಿ ಕಿವಿಗೊಡುವುದಕ್ಕೂ ಬೇಕೆಂದು ಬೇಡುವುದಕ್ಕೂ ಒಂದೇ ಮಾತು, 'ಕೇಳು'. ಯಾರೂ ಲಕ್ಷ್ಯ ಕೊಡದ ಮನೆಗೆ, ಹೊಲಕ್ಕೆ, ಮಗುವಿಗೆ ನಾವು "ಹೇಳುವವರಿಲ್ಲ, ಕೇಳುವವರಿಲ್ಲ" ಎನ್ನುತ್ತೇವೆ. ನಾನು ಇಷ್ಟು ದಿನ ಆ ಮಾತನ್ನು ಹೊರಗಿನವರ ಬಗ್ಗೆ ಎಂದುಕೊಂಡಿದ್ದೆ. ಈಗ ನೋಡಿದರೆ, ಈ ಕಡೆ ಕೇಳಿಸಿಕೊಳ್ಳುವವರು ಇಲ್ಲವಾದಾಗ ಆ ಕಡೆ ಬಾಯಿಬಿಟ್ಟು ಕೇಳುವವರೂ ಮೆಲ್ಲಗೆ ಇಲ್ಲವಾಗುತ್ತಾರೆ, ಮತ್ತು ಹಾಗೆ ಉಂಟಾದ ಮೌನವನ್ನು ನಾವು ತೃಪ್ತಿಯೆಂದು ತಿಳಿದು ಮುಂದೆ ಹೋಗುತ್ತೇವೆ.

ಇದು ವೃದ್ಧರಿಗಷ್ಟೇ ಸೇರಿದ್ದಲ್ಲ. ರೊಮೇನಿಯಾ ದೇಶದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಉರುಳಿದ ಮೇಲೆ ಅಲ್ಲಿನ ಅನಾಥಾಲಯಗಳಿಗೆ ಹೋದವರನ್ನು ಬೆಚ್ಚಿಬೀಳಿಸಿದ್ದು ಸಾಲು ಸಾಲು ತೊಟ್ಟಿಲುಗಳಿದ್ದ ಕೋಣೆಗಳ ನಿಶ್ಶಬ್ದ. ಅತ್ತರೆ ಎತ್ತಿಕೊಳ್ಳುವವರು ಬರುವುದಿಲ್ಲವೆಂದು ಕಲಿತ ಕೂಸುಗಳು ಅಳುವುದನ್ನೇ ಬಿಟ್ಟಿದ್ದವು. ಮುಂದೆ ಅಲ್ಲಿನ ರಾಜಧಾನಿ ಬುಖಾರೆಸ್ಟಿನಲ್ಲಿ ಸಂಶೋಧಕರು ಅಂಥ ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳುಹಿಸಲಾಯಿತು. ಸುಮಾರು ಎರಡು ವರ್ಷ ತುಂಬುವ ಮೊದಲೇ ಒಂದು ಮಡಿಲು ಸಿಕ್ಕವರು ಇತರರಿಗಿಂತ ಚೆನ್ನಾಗಿ ಚೇತರಿಸಿಕೊಂಡರು.

ಕಾನೂನು ಇಲ್ಲವೇ ಎಂದು ನೀನು ಕೇಳಬಹುದು. ಇದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಪ್ರಕಾರ ತಮ್ಮನ್ನು ತಾವು ಸಾಕಿಕೊಳ್ಳಲಾಗದ ತಂದೆತಾಯಿಯೂ ಅರುವತ್ತು ದಾಟಿದ ಹಿರಿಯರೂ ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಗರಿಷ್ಠ ತಿಂಗಳಿಗೆ 10,000 ರೂಪಾಯಿ. ನಮ್ಮ ನಗರದಲ್ಲಿ ಹಿರಿಯರ ಸಹಾಯವಾಣಿ 1090 ಕೂಡ ಇದೆ. ಇವೆಲ್ಲ ಬೇಕೇಬೇಕು. ಆದರೆ ಮೇಷ್ಟ್ರ ಮಗ ಅದಕ್ಕಿಂತ ಹೆಚ್ಚು ಹಣ ಕಳುಹಿಸುತ್ತಾನೆ, ಮತ್ತು ಸೆಲ್ಲು ಬದಲಿಸಲು ಪಕ್ಕದ ಮನೆಯವನು ಬರಲಿಲ್ಲವೆಂದು ಯಾವ ನ್ಯಾಯಮಂಡಳಿಗೆ ಅರ್ಜಿ ಹಾಕುವುದು?

ಬೆಂಗಳೂರೆಂಬ ಊರೇ ಈ ಪಾಠದ ದೊಡ್ಡ ಉದಾಹರಣೆ. ಕೆರೆಯ ನೀರು ಕುಡಿಯುತ್ತಿದ್ದ ಕಾಲದಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ತಮ್ಮ ಬಾಯಿಯೆಂದು ಜನರಿಗೆ ಗೊತ್ತಿತ್ತು. ತೂಬು ತೆರೆಯಲು, ಮುಚ್ಚಲು ನೀರಗಂಟಿ ಇರುತ್ತಿದ್ದ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ ಪೇಟೆಯ ಕೆರೆಗಳನ್ನು ಕೇಳುವವರು ಕಡಿಮೆಯಾದರು. ಧರ್ಮಾಂಬುಧಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಉಳಿದಿರುವ ಬೆಳ್ಳಂದೂರಿಗೆ ದಶಕಗಳ ಕಾಲ ಕೊಳಚೆ ಹರಿದಾಗ ಮೂಗು ಮುಚ್ಚಿಕೊಂಡು ದಾಟಿದ ನಾವು, 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಬಿದ್ದು ಹೊಗೆ ಎದ್ದಾಗ ತಿರುಗಿ ನೋಡಿದೆವು. ಕಚೇರಿಗಳಿಗೆ ದೂರು ಕೊಡುವವರ ಕಥೆಯೂ ಮೇಷ್ಟ್ರದ್ದೇ: ಮೂರು ಅರ್ಜಿಗೆ ಉತ್ತರ ಬಾರದವನು ನಾಲ್ಕನೆಯದನ್ನು ಬರೆಯುವುದಿಲ್ಲ, ಮತ್ತು ಕಚೇರಿಯ ಲೆಕ್ಕದಲ್ಲಿ ಆ ಬೀದಿಯಲ್ಲಿ ಈಗ ಯಾವ ದೂರೂ ಇರುವುದಿಲ್ಲ.

ಸೆಲ್ಲು ತಂದು ಹಾಕಿದ ದಿನದ ಬಗ್ಗೆ ಹೇಳಿಬಿಡುತ್ತೇನೆ. ಮೇಲ್ಮನೆಯ ಕುಕ್ಕರಿನ ಕೂಗು ಕೇಳಿ ಮೇಷ್ಟ್ರು ಮೊದಲು ಗಾಬರಿಯಾದರು, ಆಮೇಲೆ ನಕ್ಕರು. ಸ್ವಲ್ಪ ಹೊತ್ತು ಬೀದಿಯ ಸದ್ದನ್ನೆಲ್ಲ ಆಲಿಸುತ್ತ ಕುಳಿತಿದ್ದು, "ಆ ಚಪ್ಪಡಿ ಹಾಕಿದರೇನಯ್ಯಾ?" ಎಂದು ಕೇಳಿದರು. ಇಲ್ಲ ಸಾರ್ ಎಂದೆ. ಫೈಲು ತರಿಸಿ, ಒಂದು ಬಿಳಿ ಹಾಳೆ ನನ್ನ ಮುಂದಿಟ್ಟು, ತಾವು ಹೇಳುತ್ತ ಹೋದರು, ನಾನು ಬರೆದೆ. ನನ್ನ ಅಕ್ಷರ ಚೆನ್ನಾಗಿಲ್ಲವೆಂದು ಎರಡು ಸಲ ಬೈದರು. ಸೋಮವಾರ ಇಬ್ಬರೂ ಆಟೋದಲ್ಲಿ ಕಚೇರಿಗೆ ಹೋಗುವವರಿದ್ದೇವೆ.

ಹೋದ ವರ್ಷದ ಪತ್ರದಲ್ಲಿ, ಕನ್ನಡಕದ ಕಡ್ಡಿ ಮುರಿದಿದೆ, ದಾರ ಕಟ್ಟಿಕೊಂಡಿದ್ದೇನೆ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದನ್ನು ನೀನು ತಮಾಷೆಯಾಗಿ ಬರೆದಿದ್ದೆ. ಅದು ರಿಪೇರಿಯಾಯಿತೇ?

ಇಂತಿ,
ನಿನ್ನ ಗೆಳೆಯ