ಅವಧಿ ಮುಗಿದ ಮೇಲೆ

ಚಿ. ಸೌ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಜಿಲ್ಲಾ ಪಂಚಾಯತಿಗೆ ನಿಲ್ಲಬೇಕೋ ಬೇಡವೋ, ಟಿಕೆಟಿಗೆ ಯಾರನ್ನು ಕೇಳಬೇಕು, ಖರ್ಚಿಗೇನು ಮಾಡಬೇಕು ಎಂಬುದನ್ನೆಲ್ಲ ನೀನೂ ನಿನ್ನಪ್ಪನೂ ಕುಳಿತು ತೀರ್ಮಾನಿಸಿಕೊಳ್ಳಬಲ್ಲಿರಿ. ಆದರೆ ‘ಗೆದ್ದರೂ ಐದು ವರ್ಷವಾದ ಮೇಲೆ ಮೀಸಲಾತಿ ಬದಲಾಗಿ, ಬಿಟ್ಟ ಶಾಲೆಯ ಕೆಲಸವೂ ಸಿಗದೆ, ಯಾರಿಗೂ ಬೇಡವಾದವಳಾಗಿ ಉಳಿದರೆ ಏನು ಮಾಡಲಿ ಅತ್ತೆ’ ಎಂದು ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, ಆ ಮಾತು ನನ್ನನ್ನು ನಿದ್ದೆ ಮಾಡಗೊಡಲಿಲ್ಲ.

ಹಾಗೇನೂ ಆಗುವುದಿಲ್ಲ ಎಂದು ಬರೆದು ನಿನ್ನನ್ನು ಸಮಾಧಾನಪಡಿಸಲು ನನ್ನಿಂದ ಸಾಧ್ಯವಿಲ್ಲ. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ, ಈಗಿನ ಜಿಲ್ಲಾ ಪಂಚಾಯತಿಯ ಜಾಗದಲ್ಲಿ ಆಗ ಇದ್ದ ಜಿಲ್ಲಾ ಪರಿಷತ್ತಿನ ತೂಕವನ್ನು ಈಗಿನವರು ಊಹಿಸುವುದೂ ಕಷ್ಟ. ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು; ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದವರು ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯಾಗಿದ್ದರು. ಹೆಂಗಸರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾಗಿದ್ದುದರಿಂದ ನನ್ನಂಥವರೂ ಚಿತ್ರದುರ್ಗದ ಸಭೆಯಲ್ಲಿ ಕುಳಿತು ಇಂಜಿನಿಯರುಗಳನ್ನು ಪ್ರಶ್ನಿಸುವಂತಾಯಿತು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು 1988ರಲ್ಲಿ ತೀರಿಕೊಂಡ ಮೇಲೆ ನಮ್ಮ ಪರವಾಗಿ ಬೆಂಗಳೂರಿನಲ್ಲಿ ಗಟ್ಟಿಯಾಗಿ ಮಾತನಾಡುವವರು ಕಡಿಮೆಯಾದರು ಎಂದು ನಮಗೆ ಅನ್ನಿಸುತ್ತಿತ್ತಾದರೂ, ಪರಿಷತ್ತೇ ಇಲ್ಲವಾಗುತ್ತದೆಂದು ಯಾರೂ ಎಣಿಸಿರಲಿಲ್ಲ.

1992ರಲ್ಲಿ ಅವಧಿ ಮುಗಿಯಿತು. ಚುನಾವಣೆಯಾಗಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು. ಸಚಿವರ ಸ್ಥಾನಮಾನದ ಅಧ್ಯಕ್ಷರೂ ನನ್ನಂಥ ಸಾಮಾನ್ಯ ಸದಸ್ಯೆಯೂ ಒಟ್ಟಿಗೇ ಮಾಜಿಗಳಾದೆವು. ಪಂಚಾಯತಿಗಳ ಕುರಿತ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು, 1993ರ ಹೊಸ ಕಾಯ್ದೆಯಾಗಿ, 1995ರಲ್ಲಿ ಮತ್ತೆ ಮತದಾನ ನಡೆಯುವ ಹೊತ್ತಿಗೆ ನನ್ನ ಕ್ಷೇತ್ರದ ಗಡಿಯೂ ಮೀಸಲಾತಿಯೂ ಬೇರೆಯಾಗಿದ್ದವು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ನಾನು ಸದಸ್ಯೆಯಾಗಿದ್ದ ಜಿಲ್ಲೆಯೇ ಹಳೆಯ ರೂಪದಲ್ಲಿ ಉಳಿಯಲಿಲ್ಲ. ಹೀಗಿರುವಾಗ ನಿನ್ನ ಭಯಕ್ಕೆ ಆಧಾರವಿಲ್ಲವೆಂದು ಯಾವ ಬಾಯಿಂದ ಹೇಳಲಿ? 2016ರಲ್ಲಿ ಗೆದ್ದವರು 2021ರಲ್ಲಿ ಇಳಿದ ಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೈಕೋರ್ಟು ಎಂದು ವರ್ಷಗಳೇ ಕಳೆದದ್ದನ್ನು ನೀನೇ ನೋಡಿದ್ದೀಯೆ. ಐದು ವರ್ಷಕ್ಕೊಮ್ಮೆ ಚುನಾವಣೆಯಾಗಲೇಬೇಕೆಂದು ಸಂವಿಧಾನದಲ್ಲಿ ಬರೆದ ಮೇಲೂ ಹೀಗಾಯಿತು.

ಆ ನಡುವಿನ ವರ್ಷಗಳಲ್ಲಿ ಮನೆ ಹೇಗಿತ್ತೆಂಬುದು ನಿನಗೆ ಗೊತ್ತಿರಲಾರದು. ಬೆಳಗಾಗುವುದರೊಳಗೆ ಜಗಲಿಯ ಮೇಲೆ ಅರ್ಜಿ ಹಿಡಿದು ಕೂರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಅವರ ಕಾಫಿಗೆಂದು ಹಾಕಿಸಿಕೊಳ್ಳುತ್ತಿದ್ದ ವರ್ತನೆ ಹಾಲು ಉಳಿಯತೊಡಗಿದಾಗ ನಮ್ಮತ್ತೆ ಒಂದು ಮಾತೂ ಆಡದೆ ಅದನ್ನು ಕಡಿಮೆ ಮಾಡಿಸಿದರು. ಸೋಲಿನಿಂದಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ಯಾರೂ ನನ್ನನ್ನು ಸೋಲಿಸಿರಲಿಲ್ಲ. ಅದಕ್ಕಿಂತ ಇಂದಿಗೂ ನೋಯಿಸುವುದು ಬೇರೆಯೇ ಇದೆ. ಮೊಳಕಾಲ್ಮೂರು, ಹಿರಿಯೂರು, ಹರಿಹರದ ಕಡೆಗಳಿಂದ ಬಸ್ಸಿನಲ್ಲಿ ಬಂದು, ಊಟದ ಡಬ್ಬಿ ಹಂಚಿಕೊಂಡು ಪಕ್ಕಪಕ್ಕದಲ್ಲಿ ಕೂರುತ್ತಿದ್ದ ಹೆಣ್ಣುಮಕ್ಕಳನ್ನು ಅವಧಿ ಮುಗಿದ ಮೇಲೆ ನಾನು ಮತ್ತೆ ಕಾಣಲಿಲ್ಲ. ಅವರೂ ತಮ್ಮ ತಮ್ಮ ಜಗಲಿಯಲ್ಲಿ ಹೀಗೆಯೇ ಕುಳಿತಿದ್ದಿರಬೇಕು. ಒಂದು ಕಾರ್ಡು ಬರೆದು ಕೇಳಬಹುದಾಗಿತ್ತು. ಈಗ ಅವರಲ್ಲಿ ಹಲವರು ಇಲ್ಲ.

ಮಾಡಿದ ಕೆಲಸವಾದರೂ ಉಳಿಯುತ್ತದೆ ಎಂದು ವೇದಿಕೆಗಳಲ್ಲಿ ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಆ ಮಾತೂ ಪೂರ್ತಿ ನಿಜವಲ್ಲ. ಅಂದು ಜಗಳವಾಡಿ ಕೊರೆಸಿದ ಕೈಪಂಪುಗಳಲ್ಲಿ ಕೆಲವು ಬತ್ತಿದವು, ಕೆಲವುಗಳ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ತಿಳಿಯಿತು. ಇಷ್ಟಾದರೂ ವೃದ್ಧಾಪ್ಯ ವೇತನ ನಿಂತುಹೋದವರು, ಜಮೀನು ಅಳೆದು ಹಿಸ್ಸೆ ಬೇರೆ ಮಾಡುವ ಪೋಡಿಯಾಗದವರು ಇಂದಿಗೂ ನನ್ನಲ್ಲಿಗೆ ಬರುವುದುಂಟು. ನನ್ನ ಮಾತು ಎಲ್ಲಿಯೂ ನಡೆಯದೆಂದು ಅವರಿಗೆ ತಿಳಿದಿದೆ. ಆದರೆ ಅರ್ಜಿಯನ್ನು ಯಾವ ಕಚೇರಿಯಲ್ಲಿ, ಯಾವ ಮೇಜಿಗೆ ಕೊಟ್ಟು ಹಿಂಬರಹ, ಅಂದರೆ ಬರೆದುಕೊಟ್ಟ ಉತ್ತರ, ಕೇಳಬೇಕೆಂಬುದು ನನಗೆ ತಿಳಿದಿದೆ. ನೀನು ಹೆದರುತ್ತಿರುವ ಆ ‘ಯಾರಿಗೂ ಬೇಡವಾಗುವುದು’ ನನಗೆ ಬಂದದ್ದು ನಿಜ. ಅದು ಕೆಲವು ವರ್ಷ ಇತ್ತು, ಆಮೇಲೆ ತೆಳುವಾಯಿತು. ಇದಕ್ಕಿಂತ ಹೆಚ್ಚಿನ ಭರವಸೆ ನನ್ನ ಬಳಿ ಇಲ್ಲ ಮಗಳೇ.

ಕೇಳದಿದ್ದರೂ ಒಂದೆರಡು ಮಾತು ಹೇಳುತ್ತೇನೆ, ಕಾಲ ಬದಲಾಗಿರುವುದರಿಂದ ಸರಿಯೆನಿಸದಿದ್ದರೆ ಬಿಟ್ಟುಬಿಡು. ಶಾಲೆಗೆ ರಾಜೀನಾಮೆ ಬರೆಯುವ ಮೊದಲು ಸಂಬಳವಿಲ್ಲದ ರಜೆ ಕೊಡುವರೇ ಎಂದು ಕೇಳಿ ನೋಡು. ಅದಾಗದಿದ್ದರೆ ಪರೀಕ್ಷೆಯ ಹೊತ್ತಿನಲ್ಲಾದರೂ ಸಂಜೆ ನಾಲ್ಕು ಮಕ್ಕಳಿಗೆ ಪಾಠ ಹೇಳುವುದನ್ನು ಬಿಡಬೇಡ. ಗೆದ್ದರೆ, ಕ್ರಿಯಾ ಯೋಜನೆಯ ಪಟ್ಟಿಯನ್ನೂ ಸಭೆಯ ನಡಾವಳಿಯನ್ನೂ ನೀನೇ ಓದು, ಸಭೆಗೆ ಅಳಿಯಂದಿರನ್ನು ಕಳುಹಿಸಬೇಡ. ಅವರು ಒಳ್ಳೆಯವರೇ, ಅದಕ್ಕಾಗಿಯೇ ಹೇಳುತ್ತಿದ್ದೇನೆ. ಪಕ್ಕದಲ್ಲಿ ಕುಳಿತ ಹೆಣ್ಣುಮಕ್ಕಳು ಬೇರೆ ಪಕ್ಷದವರಾದರೂ ಅವರ ಫೋನ್ ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಡು.

ನಿಲ್ಲು ಎಂದೂ ನಿಲ್ಲಬೇಡ ಎಂದೂ ನಾನು ಹೇಳುವುದಿಲ್ಲ. ಶಾಲೆಯವರು ರಜೆಯ ವಿಷಯದಲ್ಲಿ ಏನೆಂದರೆಂಬುದನ್ನು ಮಾತ್ರ ತಪ್ಪದೆ ತಿಳಿಸು. ಫೋನಿನಲ್ಲಿ ನನಗೆ ಸರಿಯಾಗಿ ಕೇಳುವುದಿಲ್ಲ, ಬರೆದೇ ತಿಳಿಸು.

ಇಂತಿ,
ನಿನ್ನ ಅತ್ತೆ